ಹೂತಿಟ್ಟ ವಿಷಕ್ಕೆ ಸಾಕ್ಷಿ ಯಾರು?

(ಅಣುತ್ಯಾಜ್ಯ ಮತ್ತು ಪರಿಸರ ಅಧ್ಯಯನಗಳ ಕುರಿತು ನಡೆದ ವಿಚಾರಗೋಷ್ಠಿಯೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ನಮ್ಮ ಊರುಗಳ ಜಮಾಅತ್‌ಗಳ ವಾರ್ಷಿಕ ಮಹಾಸಭೆಯನ್ನು ನೀವೆಲ್ಲ ಕಂಡಿದ್ದೀರಿ. ವರದಿ ವಾಚನವಾದ ಬಳಿಕ ಖಜಾಂಚಿಯವರು ಎದ್ದು ನಿಂತು ವರ್ಷದ ಆಯವ್ಯಯವನ್ನು ಓದುತ್ತಾರೆ. ಅವರ ಪ್ರಾಮಾಣಿಕತೆಯ ಬಗ್ಗೆ ಸಭೆಯಲ್ಲಿ ಯಾರಿಗೂ ಸಂಶಯವಿರುವುದಿಲ್ಲ. ಆದರೂ ಬೇರೊಬ್ಬರು ಆ ಲೆಕ್ಕವನ್ನು ಪರಿಶೋಧಿಸಿ ಸಹಿ ಹಾಕಿದ ನಂತರವೇ ಸಭೆ ಅದನ್ನು ಅಂಗೀಕರಿಸುತ್ತದೆ. ಇದರಿಂದ ಯಾವ ಖಜಾಂಚಿಯೂ ಅವಮಾನಿತರಾಗುವುದಿಲ್ಲ. ವಸ್ತುತಃ ಪ್ರಾಮಾಣಿಕ ಖಜಾಂಚಿಗೆ ಲೆಕ್ಕ ಪರಿಶೋಧಕನಷ್ಟು ದೊಡ್ಡ ಹಿತೈಷಿ ಬೇರೆ ಇಲ್ಲ.

ಅದು ಒಂದು ವರ್ಷದ, ಕೆಲವು ಲಕ್ಷ ರೂಪಾಯಿಗಳ ಲೆಕ್ಕ. ಇಂದು ನನಗೆ ವಹಿಸಲಾಗಿರುವ ವಿಷಯ ಹತ್ತು ಸಾವಿರ ವರ್ಷಗಳ ಲೆಕ್ಕಕ್ಕೆ ಸಂಬಂಧಿಸಿದ್ದು. ಅಣುಸ್ಥಾವರಗಳು ಬಿಟ್ಟುಹೋಗುವ ವಿಕಿರಣಶೀಲ ತ್ಯಾಜ್ಯವನ್ನು ಎಲ್ಲಿ, ಹೇಗೆ ಇಡಬೇಕು? ಹೂತಿಟ್ಟ ಜಾಗದಲ್ಲೇ ಬಿಟ್ಟರೆ ಏನಾದೀತು? ತೋಡಿ ತೆಗೆದರೆ ಏನಾದೀತು? ಇದನ್ನೆಲ್ಲ ಅಂದಾಜು ಮಾಡಿ ಸರಕಾರಗಳು ಬೃಹತ್ ವರದಿಗಳನ್ನು ಸಿದ್ಧಪಡಿಸುತ್ತವೆ. ಅವುಗಳನ್ನು ಪರಿಸರ ಪರಿಣಾಮ ಅಧ್ಯಯನ ಎನ್ನುತ್ತಾರೆ. ಆ ಅಧ್ಯಯನದ ಲೆಕ್ಕ ಸರಿಯಿದೆಯೇ ಎಂದು ಪರಿಶೋಧಿಸುವವರು ಯಾರು ಎಂಬುದು ಇಂದಿನ ನನ್ನ ಪ್ರಶ್ನೆ. ನಾನು ವಿಜ್ಞಾನಿಯಲ್ಲ. ಆದರೆ ಲೆಕ್ಕ ಬರೆದವನೇ ಲೆಕ್ಕವನ್ನು ಪರಿಶೋಧಿಸಬಾರದು ಎಂಬ ಸತ್ಯವನ್ನು ಅರಿಯಲು ವಿಜ್ಞಾನಿಯಾಗಬೇಕಿಲ್ಲ.

ಈ ವಿಚಾರವನ್ನು ಬರಿಯ ತತ್ವವಾಗಿ ಹೇಳಿದರೆ ಮನಸ್ಸಿಗೆ ನಾಟದು. ಆದುದರಿಂದ ಅಮೆರಿಕದ ಒಂದು ಊರಿನ ಕಥೆಯನ್ನು ನಿಮ್ಮ ಮುಂದಿಡುತ್ತೇನೆ.

ವೆಸ್ಟ್ ವ್ಯಾಲಿಯ ಕಥೆ

ನ್ಯೂಯಾರ್ಕ್ ಎಂದೊಡನೆ ನಮಗೆ ಗಗನಚುಂಬಿ ಕಟ್ಟಡಗಳ ನಗರ ನೆನಪಾಗುತ್ತದೆ. ಆದರೆ ಅದೇ ಹೆಸರಿನ ರಾಜ್ಯದ ಪಶ್ಚಿಮ ತುದಿಯಲ್ಲಿ, ಬಫಲೋ ನಗರದ ದಕ್ಷಿಣಕ್ಕೆ ಸುಮಾರು 50 ಕಿಲೋಮೀಟರ್ ದೂರದಲ್ಲಿ, ಹೊಲಗದ್ದೆ ಮತ್ತು ಹೈನುಗಾರಿಕೆಯ ಗುಡ್ಡಗಾಡಿನ ಪ್ರದೇಶವೊಂದಿದೆ. ಅದರ ಹೆಸರು ವೆಸ್ಟ್ ವ್ಯಾಲಿ. 1961ರಲ್ಲಿ ರಾಜ್ಯ ಸರಕಾರ ಅಲ್ಲಿ 3,300 ಎಕರೆಗೂ ಹೆಚ್ಚು ಭೂಮಿಯನ್ನು ವಶಪಡಿಸಿಕೊಂಡಿತು. ಅಣು ಉದ್ಯಮ ಬರುತ್ತದೆ, ಉದ್ಯೋಗ ಬರುತ್ತದೆ, ಊರು ಬೆಳೆಯುತ್ತದೆ ಎಂಬ ಭರವಸೆ ನೀಡಲಾಯಿತು.

ನ್ಯೂಕ್ಲಿಯರ್ ಫ್ಯುಯೆಲ್ ಸರ್ವೀಸಸ್ ಎಂಬ ಖಾಸಗಿ ಕಂಪೆನಿ 1966ರಲ್ಲಿ ಅಲ್ಲಿ ಕೆಲಸ ಆರಂಭಿಸಿತು. ಸ್ಥಾವರಗಳಲ್ಲಿ ಬಳಸಿ ಮುಗಿದ ಇಂಧನದಿಂದ ಯುರೇನಿಯಂ ಮತ್ತು ಪ್ಲುಟೋನಿಯಂಗಳನ್ನು ಬೇರ್ಪಡಿಸುವುದು ಅದರ ಕೆಲಸ. ಇದನ್ನು ಮರುಸಂಸ್ಕರಣೆ ಎನ್ನುತ್ತಾರೆ. ಅಮೆರಿಕದಲ್ಲಿ ವಾಣಿಜ್ಯ ರೀತಿಯಲ್ಲಿ ನಡೆದ ಏಕೈಕ ಮರುಸಂಸ್ಕರಣಾ ಘಟಕ ಅದು. ಆರು ವರ್ಷಗಳಲ್ಲಿ ಸುಮಾರು 640 ಟನ್ ಇಂಧನವನ್ನು ಸಂಸ್ಕರಿಸಿದ ಕಂಪೆನಿ, 1972ರಲ್ಲಿ ವಿಸ್ತರಣೆಗೆಂದು ಘಟಕವನ್ನು ನಿಲ್ಲಿಸಿತು. ಮತ್ತೆ ಅದನ್ನು ತೆರೆಯಲೇ ಇಲ್ಲ. ಹೊಸ ಸುರಕ್ಷಾ ನಿಯಮಗಳಿಗೆ ತಕ್ಕಂತೆ ಘಟಕವನ್ನು ಬದಲಿಸಲು ಖರ್ಚು ವಿಪರೀತವಾಗುತ್ತದೆಂದು ಹೇಳಿ 1976ರಲ್ಲಿ ಅದು ಈ ವ್ಯವಹಾರದಿಂದಲೇ ಹಿಂದೆ ಸರಿಯಿತು. ಜಾಗವನ್ನು ರಾಜ್ಯಕ್ಕೆ ಮರಳಿಸಿ ಹೋಗಲು ಒಪ್ಪಂದದಲ್ಲಿ ಅವಕಾಶವಿತ್ತು.

ಕಂಪೆನಿ ಹೋಯಿತು, ತ್ಯಾಜ್ಯ ಉಳಿಯಿತು. ನೆಲದಡಿಯ ತೊಟ್ಟಿಗಳಲ್ಲಿ ಸುಮಾರು ಆರು ಲಕ್ಷ ಗ್ಯಾಲನ್ ಉಗ್ರ ವಿಕಿರಣಶೀಲ ದ್ರವ. ಘಟಕದ ಬಳಿ ನೆಲದಲ್ಲಿ ತೋಡಿದ ಗುಂಡಿಗಳಲ್ಲಿ ಹೂತ ತ್ಯಾಜ್ಯ. 15 ಎಕರೆಯ ಇನ್ನೊಂದು ಹೂಳುವ ಜಾಗದಲ್ಲಿ 1963ರಿಂದ ಬೇರೆ ಬೇರೆ ಕಡೆಗಳ ವಿಕಿರಣಶೀಲ ಕಸವನ್ನು ಉದ್ದನೆಯ ಕಂದಕಗಳಲ್ಲಿ ತುಂಬಲಾಗುತ್ತಿತ್ತು. 1975ರಲ್ಲಿ ಕಂದಕಗಳೊಳಗೆ ನೀರು ತುಂಬಿ ಮೇಲಿನ ಮಣ್ಣಿನ ಮುಚ್ಚಳವನ್ನು ದಾಟಿ ಹೊರಗೆ ಜಿನುಗಿತು. ಆಗ ಆ ಜಾಗವನ್ನು ಮುಚ್ಚಲಾಯಿತು. ಘಟಕದ ಕಟ್ಟಡದಿಂದ 1960ರ ದಶಕದಲ್ಲಿ ಸೋರಿದ ಸ್ಟ್ರಾಂಷಿಯಂ-90 ಎಂಬ ವಿಕಿರಣಶೀಲ ಧಾತು ಅಂತರ್ಜಲದೊಂದಿಗೆ ಹರಿಯುತ್ತಿರುವುದು 1990ರ ದಶಕದಲ್ಲಷ್ಟೇ ಪತ್ತೆಯಾಯಿತು. ಅದನ್ನು ತಡೆಯಲು 2010ರಲ್ಲಿ ಜಿಯೋಲೈಟ್ ಎಂಬ ಖನಿಜವನ್ನು ತುಂಬಿದ ಸುಮಾರು 260 ಮೀಟರ್ ಉದ್ದದ ಗೋಡೆಯನ್ನು ನೆಲದೊಳಗೆ ನಿರ್ಮಿಸಬೇಕಾಯಿತು.

ಈ ಜಾಗದಿಂದ ಹೊರಡುವ ಸಣ್ಣ ತೊರೆಗಳು ಬಟರ್‌ಮಿಲ್ಕ್ ಹಳ್ಳವನ್ನು, ಅದು ಕ್ಯಾಟರಾಗಸ್ ಹೊಳೆಯನ್ನು ಸೇರುತ್ತವೆ. ಆ ಹೊಳೆ ಅಮೆರಿಕದ ಮೂಲನಿವಾಸಿಗಳಾದ ಸೆನೆಕಾ ಜನರ ನೆಲದ ಮೂಲಕ ಹಾದು ಈರಿ ಸರೋವರವನ್ನು ಸೇರುತ್ತದೆ. ಬಫಲೋ ನಗರ ಕುಡಿಯುವುದು ಆ ಸರೋವರದ ನೀರನ್ನು.

1980ರಲ್ಲಿ ಅಮೆರಿಕದ ಸಂಸತ್ತು ವಿಶೇಷ ಕಾನೂನನ್ನು ಮಾಡಿ ಶುದ್ಧೀಕರಣದ ಹೊಣೆಯನ್ನು ಕೇಂದ್ರದ ಇಂಧನ ಇಲಾಖೆಗೆ ವಹಿಸಿತು. ಖರ್ಚಿನಲ್ಲಿ ಶೇ. 90 ಕೇಂದ್ರದ್ದು, ಶೇ. 10 ರಾಜ್ಯದ್ದು. 1996ರಿಂದ 2002ರವರೆಗೆ ತೊಟ್ಟಿಗಳ ದ್ರವವನ್ನು ಕರಗಿದ ಗಾಜಿನೊಂದಿಗೆ ಬೆರೆಸಿ 275 ಉಕ್ಕಿನ ಡಬ್ಬಿಗಳಲ್ಲಿ ಗಟ್ಟಿಗೊಳಿಸಲಾಯಿತು. ಅದು ನಿಜಕ್ಕೂ ಶ್ಲಾಘನೀಯ ಸಾಧನೆ. ಆದರೆ ಆ ಡಬ್ಬಿಗಳನ್ನು ಕಳುಹಿಸಲು ದೇಶದಲ್ಲೆಲ್ಲೂ ಶಾಶ್ವತ ಜಾಗವಿಲ್ಲದ ಕಾರಣ ಅವು ಇಂದಿಗೂ ಅಲ್ಲಿಯೇ ಇವೆ. ತೊಟ್ಟಿಗಳ ತಳದಲ್ಲಿ ಉಳಿದ ಶೇಷವೂ, ಕಂದಕಗಳಲ್ಲಿ ಹೂತ ತ್ಯಾಜ್ಯವೂ ಹಾಗೆಯೇ ಇವೆ.

ತೋಡುವುದೋ, ಬಿಡುವುದೋ?

ಹೂತದ್ದನ್ನು ತೋಡಿ ತೆಗೆದು ಬೇರೆಡೆಗೆ ಸಾಗಿಸಬೇಕೇ ಅಥವಾ ಮೇಲೆ ದಪ್ಪ ಮುಚ್ಚಳ ಹಾಕಿ, ಸುತ್ತ ತಡೆಗೋಡೆ ಕಟ್ಟಿ ಅಲ್ಲೇ ಬಿಡಬೇಕೇ ಎಂಬುದು ವೆಸ್ಟ್ ವ್ಯಾಲಿಯ ಮುಂದಿರುವ ಪ್ರಶ್ನೆ. ತೋಡುವುದಕ್ಕೆ ಇಂದೇ ಅಪಾರ ಹಣ ಬೇಕು. ತೋಡುವ ಕಾರ್ಮಿಕರಿಗೆ ಅಪಾಯವೂ ಇದೆ. ಬಿಟ್ಟುಬಿಟ್ಟರೆ ಇಂದಿನವರಿಗೆ ಖರ್ಚು ಕಡಿಮೆ, ಆದರೆ ಹೊರೆಯನ್ನು ಹೊರುವವರು ಇನ್ನೂ ಹುಟ್ಟದವರು. ಸ್ಟ್ರಾಂಷಿಯಂ-90ರ ಪ್ರಮಾಣ ಅರ್ಧಕ್ಕಿಳಿಯಲು ಸುಮಾರು 29 ವರ್ಷ ಸಾಕು. ಪ್ಲುಟೋನಿಯಂ-239 ಅರ್ಧವಾಗಲು 24 ಸಾವಿರ ವರ್ಷ ಬೇಕು. ಅಷ್ಟು ಕಾಲ ಬಾಳಿದ ಸರಕಾರವಾಗಲಿ ಭಾಷೆಯಾಗಲಿ ಮಾನವ ಚರಿತ್ರೆಯಲ್ಲಿ ಇಲ್ಲ.

ಇಂತಹ ನಿರ್ಧಾರ ಕೈಗೊಳ್ಳುವ ಮುನ್ನ ಸರಕಾರ ತನ್ನ ಲೆಕ್ಕಾಚಾರವನ್ನು ಜನರ ಮುಂದಿಡಬೇಕೆಂದು 1970ರಲ್ಲಿ ಜಾರಿಗೆ ಬಂದ ಅಮೆರಿಕದ ರಾಷ್ಟ್ರೀಯ ಪರಿಸರ ನೀತಿ ಕಾಯ್ದೆ ವಿಧಿಸುತ್ತದೆ. ಯಾವ ಯಾವ ದಾರಿಗಳಿವೆ, ಪ್ರತಿಯೊಂದರ ಪರಿಣಾಮವೇನು ಎಂಬುದನ್ನು ಬರೆದು ಕರಡನ್ನು ಪ್ರಕಟಿಸಬೇಕಿತ್ತು. ಜನರ ಆಕ್ಷೇಪಗಳನ್ನು ಸ್ವೀಕರಿಸಬೇಕಿತ್ತು, ಅವುಗಳಿಗೆ ಲಿಖಿತ ಉತ್ತರ ನೀಡಬೇಕಿತ್ತು. ವೆಸ್ಟ್ ವ್ಯಾಲಿಯ ಇಂತಹ ಮೊದಲ ಕರಡು 1996ರಲ್ಲಿ ಬಂತು. ಒಮ್ಮತ ಮೂಡಲಿಲ್ಲ. ಹೊಸ ಕರಡು ಹೊರಬಂದದ್ದು 2008ರ ಕೊನೆಯಲ್ಲಿ.

ಇಲ್ಲಿ ಒಂದು ವಿಶೇಷವನ್ನು ಗಮನಿಸಬೇಕು. ಈ ಅಧ್ಯಯನಕ್ಕೆ ಇಬ್ಬರು ಯಜಮಾನರಿದ್ದರು. ಒಬ್ಬರು ಕೇಂದ್ರದ ಇಂಧನ ಇಲಾಖೆ. ಇನ್ನೊಬ್ಬರು, ಜಮೀನಿನ ಒಡೆತನವನ್ನು ನಿರ್ವಹಿಸುವ ನ್ಯೂಯಾರ್ಕ್ ರಾಜ್ಯದ ಇಂಧನ ಸಂಶೋಧನೆ ಮತ್ತು ಅಭಿವೃದ್ಧಿ ಪ್ರಾಧಿಕಾರ. ಕೇಂದ್ರದ ಲೆಕ್ಕವನ್ನು ಹಾಗೆಯೇ ಒಪ್ಪಿಕೊಳ್ಳಲು ಸಿದ್ಧವಿಲ್ಲದ ರಾಜ್ಯದ ಪ್ರಾಧಿಕಾರ ಒಂದು ಸ್ವತಂತ್ರ ತಜ್ಞರ ತಂಡವನ್ನು ರಚಿಸಿತು. ಅಪಾಯ ಗಣನೆಯ ಶಾಸ್ತ್ರದಲ್ಲಿ ಹೆಸರುವಾಸಿಯಾಗಿದ್ದ ಬಿ. ಜಾನ್ ಗ್ಯಾರಿಕ್ ಅದರ ಮುಖ್ಯಸ್ಥರು. ಅಂತರ್ಜಲ ವಿಜ್ಞಾನಿ ಶ್ಲೋಮೋ ನ್ಯೂಮನ್ ಅವರಂತಹವರು ಸದಸ್ಯರು. ಭೂಗರ್ಭ, ಮಣ್ಣಿನ ಸವಕಳಿ, ವಿಕಿರಣ ಸುರಕ್ಷೆ ಹೀಗೆ ಬೇರೆ ಬೇರೆ ವಿಷಯಗಳನ್ನು ಬಲ್ಲವರು ತಂಡದಲ್ಲಿದ್ದರು. ಅವರು ಕರಡನ್ನು ಸಾಲು ಸಾಲಾಗಿ ಓದಿ ತಮ್ಮ ಅಭಿಪ್ರಾಯ ನೀಡಿದರು.

ವರದಿಯೊಳಗೆ ಭಿನ್ನಮತ

ಆ ಪರಿಶೀಲನೆಯ ಆಧಾರದಲ್ಲಿ ರಾಜ್ಯದ ಪ್ರಾಧಿಕಾರ ತನ್ನ ಭಿನ್ನಮತವನ್ನು ಬರೆಯಿತು. ಅದನ್ನು ಬೇರೊಂದು ಪುಸ್ತಿಕೆಯಲ್ಲಿ ಮುದ್ರಿಸಿ ಕಪಾಟಿನಲ್ಲಿಡಲಿಲ್ಲ. ಅದೇ ಅಧ್ಯಯನ ವರದಿಯ ಆರಂಭದಲ್ಲಿ, ಮುನ್ನುಡಿಯಾಗಿ ಅದು ಪ್ರಕಟವಾಯಿತು. ವರದಿಯನ್ನು ತೆರೆದವನು ಮೊದಲು ಓದುವುದು, ಈ ವರದಿಯ ಯಾವ ಭಾಗವನ್ನು ನಂಬಲಾಗದು ಎಂಬುದನ್ನು. ಒಬ್ಬ ಪಾಲುದಾರ ತನ್ನದೇ ಹೆಸರಿರುವ ಗ್ರಂಥದಲ್ಲಿ ಹೀಗೆ ಬರೆದದ್ದು ಸಾಮಾನ್ಯ ಸಂಗತಿಯಲ್ಲ.

ಆ ಆಕ್ಷೇಪಗಳಲ್ಲಿ ಮುಖ್ಯವಾದವನ್ನು ನಮಗೆ ತಿಳಿಯುವ ಭಾಷೆಯಲ್ಲಿ ಹೇಳುತ್ತೇನೆ.

ಒಂದನೆಯದು ಮಣ್ಣಿನ ಸವಕಳಿ. ಈ ಜಾಗವಿರುವುದು ಹಿಮಯುಗದ ಹಿಮನದಿಗಳು ಬಿಟ್ಟುಹೋದ ಜೇಡಿಮಣ್ಣಿನ ದಿಬ್ಬದ ಮೇಲೆ. ಸುತ್ತಲೂ ತೊರೆಗಳು ನೆಲವನ್ನು ಕೊರೆಯುತ್ತಿವೆ. ಇಕ್ಕೆಲಗಳಲ್ಲಿ ಕೊರಕಲುಗಳು ವರ್ಷ ವರ್ಷ ಮೇಲಕ್ಕೆ ತೆವಳುತ್ತವೆ. ಒಂದು ದಿನ ಕೊರಕಲು ಕಂದಕವನ್ನು ತಲುಪಿದರೆ ಹೂತದ್ದೆಲ್ಲ ಹೊಳೆಯ ಪಾಲು. ಸಾವಿರಾರು ವರ್ಷಗಳಲ್ಲಿ ನೆಲ ಎಷ್ಟು ಸವೆಯುತ್ತದೆಂದು ಇಲಾಖೆ ಗಣಕಯಂತ್ರದ ಮಾದರಿಯಿಂದ ಲೆಕ್ಕ ಹಾಕಿತ್ತು. ಆ ಲೆಕ್ಕ ವೈಜ್ಞಾನಿಕವಾಗಿ ಸಮರ್ಥಿಸಬಹುದಾದದ್ದಲ್ಲ, ದೀರ್ಘಕಾಲದ ನಿರ್ಧಾರಕ್ಕೆ ಅದನ್ನು ಆಧಾರವಾಗಿಸಬಾರದು ಎಂದು ಭಿನ್ನಮತ ಹೇಳಿತು.

ಎರಡನೆಯದು ತಡೆಗೋಡೆಗಳು. ಮನುಷ್ಯ ಕಟ್ಟಿದ ಮುಚ್ಚಳ ಮತ್ತು ಗೋಡೆಗಳು ಎಷ್ಟು ಕಾಲ ಕೆಲಸ ಮಾಡುತ್ತವೆ ಎಂಬ ಬಗ್ಗೆ ವರದಿ ಇಟ್ಟುಕೊಂಡ ಊಹೆಗಳಿಗೆ ಸಾಕಷ್ಟು ಪುರಾವೆ ಇಲ್ಲ. ಅವು ಅತಿಯಾದ ಆಶಾವಾದವಾಗಿರಬಹುದು. ಅಂತರ್ಜಲದ ಹರಿವಿನ ಲೆಕ್ಕವೂ ಸುಧಾರಿಸಬೇಕಾಗಿದೆ.

ಮೂರನೆಯದು ಅನಿಶ್ಚಿತತೆ. ವರದಿ ಮುಖ್ಯವಾಗಿ ಒಂದೊಂದು ನಿಶ್ಚಿತ ಉತ್ತರವನ್ನೇ ನೀಡಿತ್ತು. ಆ ಉತ್ತರ ತಪ್ಪಾಗುವ ಸಾಧ್ಯತೆ ಎಷ್ಟು ಎಂಬುದನ್ನು ಅದು ತೃಪ್ತಿಕರವಾಗಿ ತೋರಿಸಿರಲಿಲ್ಲ. ಗ್ಯಾರಿಕ್ ಅವರು ತಮ್ಮ ಸಹಲೇಖಕರೊಂದಿಗೆ 1981ರಷ್ಟು ಹಿಂದೆಯೇ, ಅಪಾಯವನ್ನು ಮೂರು ಪ್ರಶ್ನೆಗಳಿಂದ ಅಳೆಯಬೇಕೆಂದು ಪ್ರತಿಪಾದಿಸಿದ್ದರು: ಏನು ಕೆಡಬಹುದು, ಕೆಡುವ ಸಂಭವ ಎಷ್ಟು, ಕೆಟ್ಟರೆ ಪರಿಣಾಮವೇನು. ಎರಡನೆಯ ಪ್ರಶ್ನೆಯನ್ನು ಬಿಟ್ಟು ಉಳಿದವನ್ನು ಹೇಳುವ ವರದಿ ಅಪೂರ್ಣ.

ನಾಲ್ಕನೆಯದು ಕುತೂಹಲಕರ. ತ್ಯಾಜ್ಯವನ್ನು ತೋಡಿ ತೆಗೆಯಲು ವರದಿ ಆರಿಸಿಕೊಂಡ ವಿಧಾನ ಅಗತ್ಯಕ್ಕಿಂತ ಹೆಚ್ಚು ಜಾಗರೂಕತೆಯದ್ದು, ಆದುದರಿಂದ ಖರ್ಚಿನ ಅಂದಾಜು ಹಿಗ್ಗಿರಬಹುದು ಎಂಬುದು ಆಕ್ಷೇಪ. ಈ ಎರಡನ್ನೂ ಜತೆಗಿಟ್ಟು ನೋಡಿ. ಬಿಟ್ಟುಬಿಡುವ ದಾರಿಯ ಅಪಾಯ ಕಡಿಮೆಯಾಗಿ ಕಾಣಿಸುತ್ತಿದೆ, ತೋಡುವ ದಾರಿಯ ಖರ್ಚು ಹೆಚ್ಚಾಗಿ ಕಾಣಿಸುತ್ತಿದೆ. ಯಾರೂ ಸುಳ್ಳು ಹೇಳಿದ್ದಾರೆಂದು ನಾನು ಆರೋಪಿಸುತ್ತಿಲ್ಲ. ಪ್ರತಿಯೊಂದು ಊಹೆಗೂ ಅದರದೇ ಸಮರ್ಥನೆ ಇದ್ದಿರಬಹುದು. ಆದರೆ ಎಲ್ಲ ಊಹೆಗಳೂ ಒಂದೇ ಕಡೆಗೆ ವಾಲುತ್ತಿವೆಯೇ ಎಂಬುದನ್ನು ಹೊರಗಿನವರ ಕಣ್ಣು ಮಾತ್ರ ಕಾಣಬಲ್ಲದು.

ಇದೇ ಅವಧಿಯಲ್ಲಿ, 2008ರಲ್ಲಿ, ನಾಗರಿಕ ಸಂಘಟನೆಗಳ ಕಡೆಯಿಂದ ಇನ್ನೊಂದು ಸ್ವತಂತ್ರ ಅಧ್ಯಯನ ಹೊರಬಂತು. ಸಿನಾಪ್ಸ್ ಎಂಬ ಇಂಧನ ಅರ್ಥಶಾಸ್ತ್ರ ಸಂಸ್ಥೆ ಮತ್ತಿತರರು ಸಿದ್ಧಪಡಿಸಿದ ಆ ಅಧ್ಯಯನ ಖರ್ಚನ್ನು ಸಾವಿರ ವರ್ಷಗಳಿಗೆ ಹರಡಿ ನೋಡಿತು. ತೋಡಿ ತೆಗೆದರೆ 990 ಕೋಟಿ ಡಾಲರ್. ಹೂತಲ್ಲೇ ಬಿಟ್ಟರೆ ಕಾವಲು, ದುರಸ್ತಿ ಇತ್ಯಾದಿ ಸೇರಿ 1,300 ಕೋಟಿ. ತ್ಯಾಜ್ಯ ಹೊರಬಿದ್ದು ನೀರು ಕೆಟ್ಟರೆ 2,700 ಕೋಟಿ. ಇಂದು ಅಗ್ಗವಾಗಿ ಕಂಡದ್ದು ಮೊಮ್ಮಕ್ಕಳ ಮೊಮ್ಮಕ್ಕಳಿಗೆ ದುಬಾರಿ. ಸಾವಿರ ವರ್ಷದ ಈ ಲೆಕ್ಕವೂ ಊಹೆಗಳ ಮೇಲೆಯೇ ನಿಂತಿದೆ ಎಂಬುದನ್ನು ನಾವು ಮರೆಯಬಾರದು. ಆದರೆ ಎಷ್ಟು ವರ್ಷಕ್ಕೆ ಲೆಕ್ಕ ಹಾಕುತ್ತೀರಿ ಎಂಬುದರ ಮೇಲೆ ಉತ್ತರವೇ ತಿರುಗಿಬೀಳಬಹುದು ಎಂಬುದನ್ನು ಅದು ತೋರಿಸಿಕೊಟ್ಟಿತು.

ಪ್ರಕೃತಿಯೂ ತನ್ನ ಸಾಕ್ಷ್ಯವನ್ನು ನುಡಿಯಿತು. ಕರಡು ಹೊರಬಿದ್ದು ಇನ್ನೂ ಅಂತಿಮಗೊಂಡಿರಲಿಲ್ಲ. 2009ರ ಆಗಸ್ಟ್ 9 ಮತ್ತು 10ರ ನಡುವಿನ ರಾತ್ರಿ ಆ ಪ್ರದೇಶದಲ್ಲಿ ಭೀಕರ ಮಳೆ ಸುರಿಯಿತು. ಕ್ಯಾಟರಾಗಸ್ ಹೊಳೆಯ ದಂಡೆಯಲ್ಲಿರುವ ಗೋವಾಂಡಾ ಪಟ್ಟಣ ಪ್ರವಾಹಕ್ಕೆ ಸಿಕ್ಕಿತು. ಅಲ್ಲಿನ ಆಸ್ಪತ್ರೆ ಹಾಳಾಗಿ ಮುಚ್ಚಿತು. ನೂರು ವರ್ಷಗಳ ಸರಾಸರಿ ಸವಕಳಿ ಒಂದು ವಿಷಯ, ಒಂದು ರಾತ್ರಿಯ ಮಳೆ ಮಾಡುವ ಅನಾಹುತ ಬೇರೆಯೇ ವಿಷಯ. 2018ರಲ್ಲಿ ಕೊಡಗಿನ ಗುಡ್ಡಗಳು ಕುಸಿದುದನ್ನು ಕಂಡ ನಮಗೆ ಇದನ್ನು ವಿವರಿಸಬೇಕಾದ ಅಗತ್ಯವಿಲ್ಲ.

ಪರಿಶೀಲನೆಯಿಂದ ಆದದ್ದೇನು?

ಅಂತಿಮ ವರದಿ 2010ರ ಜನವರಿಯಲ್ಲಿ, ನಿರ್ಧಾರ ಏಪ್ರಿಲ್‌ನಲ್ಲಿ ಬಂತು. ಕೆಲಸವನ್ನು ಎರಡು ಹಂತಗಳಾಗಿ ವಿಂಗಡಿಸಲಾಯಿತು. ಯಾವುದರ ಬಗ್ಗೆ ವಿವಾದವಿಲ್ಲವೋ ಅದನ್ನು, ಅಂದರೆ ಹಳೆಯ ಘಟಕದ ಕಟ್ಟಡ ಮತ್ತು ಸೋರಿಕೆಯ ಮೂಲವನ್ನು, ಮೊದಲ ಹಂತದಲ್ಲಿ ತೆಗೆಯುವುದು. ತೊಟ್ಟಿಗಳು ಮತ್ತು ಹೂಳಿದ ಜಾಗಗಳ ಬಗ್ಗೆ ಇನ್ನಷ್ಟು ಅಧ್ಯಯನ ನಡೆಸಿ ಎರಡನೆಯ ಹಂತದಲ್ಲಿ ತೀರ್ಮಾನಿಸುವುದು. ಕರಡಿನಲ್ಲಿ ಎರಡನೆಯ ತೀರ್ಮಾನಕ್ಕೆ 30 ವರ್ಷಗಳವರೆಗೆ ಅವಕಾಶವಿತ್ತು. ಜನರ ಆಕ್ಷೇಪದ ಬಳಿಕ ಅದನ್ನು 10 ವರ್ಷಕ್ಕೆ ಇಳಿಸಲಾಯಿತು.

ಸವಕಳಿಯ ಲೆಕ್ಕವನ್ನೂ ಮತ್ತೆ ಮೊದಲಿನಿಂದ ಮಾಡಲಾಯಿತು. ಹಿಮಯುಗದ ನಂತರ ಆ ಕಣಿವೆ ಹೇಗೆ ರೂಪುಗೊಂಡಿತೆಂದು ವಿಜ್ಞಾನಿಗಳು ಅಧ್ಯಯನ ನಡೆಸಿದರು. ಒಂದೇ ಮಾದರಿಯನ್ನು ನೆಚ್ಚದೆ ಹಲವು ಮಾದರಿಗಳನ್ನು ಹೋಲಿಸಿ, ಅವು ಎಷ್ಟರಮಟ್ಟಿಗೆ ನಂಬಲರ್ಹ ಎಂಬುದನ್ನೂ ಸೇರಿಸಿ 2020ರಲ್ಲಿ ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟಿಸಿದರು. ಭಿನ್ನಮತಕ್ಕೆ ಸಿಕ್ಕ ಅತಿ ದೊಡ್ಡ ಗೌರವ ಇದು.

ಆದರೆ ಕಥೆಯನ್ನು ಇಲ್ಲಿಗೆ ಸುಖಾಂತವಾಗಿ ಮುಗಿಸಿದರೆ ನಾನು ನಿಮಗೆ ಅರ್ಧ ಸತ್ಯ ಹೇಳಿದಂತಾಗುತ್ತದೆ. ಎರಡನೆಯ ಹಂತದ ತೀರ್ಮಾನಕ್ಕಾಗಿ ಪೂರಕ ಅಧ್ಯಯನದ ಪ್ರಕ್ರಿಯೆ 2018ರಲ್ಲಿ ಆರಂಭವಾಯಿತಾದರೂ ಹತ್ತು ವರ್ಷಗಳ ಗಡುವಿನೊಳಗೆ ತೀರ್ಮಾನ ಬರಲಿಲ್ಲ. ಘಟಕದ ಮುಖ್ಯ ಕಟ್ಟಡವನ್ನು ಕೆಡವುವ ಕೆಲಸ ಶುರುವಾದದ್ದೇ 2022ರಲ್ಲಿ. ಪೂರ್ಣ ಶುದ್ಧೀಕರಣವೇ ಆಗಬೇಕೆಂದು ಸೆನೆಕಾ ಜನರು ಕೇಳುತ್ತಾ ಬಂದಿದ್ದಾರೆ. ಪರಿಶೀಲನೆಯ ಹೆಸರಿನಲ್ಲಿ ನಿರ್ಧಾರ ಮುಂದೂಡಲ್ಪಟ್ಟರೆ ತೋಡದೆ ಬಿಡುವ ದಾರಿಯೇ ಸದ್ದಿಲ್ಲದೆ ಗೆದ್ದಂತಾಗುತ್ತದೆ. ಆದುದರಿಂದ ಪರಿಶೀಲನೆಗೆ ಗಡುವು ಬೇಕು, ಗಡುವನ್ನು ಮೀರಿದವರು ಉತ್ತರ ಕೊಡುವಂತಿರಬೇಕು.

ಯಾರಿಂದ ಸ್ವತಂತ್ರ?

ಇನ್ನೊಂದು ಪ್ರಶ್ನೆಯನ್ನು ನಾವು ಪ್ರಾಮಾಣಿಕವಾಗಿ ಎದುರಿಸಬೇಕು. ಗ್ಯಾರಿಕ್ ಅವರ ತಂಡವನ್ನು ನೇಮಿಸಿದ್ದು ರಾಜ್ಯದ ಪ್ರಾಧಿಕಾರ. ಆ ಪ್ರಾಧಿಕಾರ ಜಮೀನಿನ ಯಜಮಾನ. ಕೇಂದ್ರ ಸರಕಾರ ಹೆಚ್ಚು ಕೆಲಸ ಮಾಡಿದಷ್ಟೂ ರಾಜ್ಯದ ಹೊರೆ ಇಳಿಯುತ್ತದೆ. ಹಾಗಾದರೆ ಆ ತಂಡ ನಿಜಕ್ಕೂ ಸ್ವತಂತ್ರವೇ? ಪೂರ್ಣ ಸ್ವಾತಂತ್ರ್ಯ ಯಾರಿಗೂ ಇಲ್ಲ ಎಂಬುದೇ ಇದಕ್ಕೆ ಉತ್ತರ. ಎಲ್ಲ ಸಂಬಳವೂ ಎಲ್ಲಿಂದಲೋ ಬರುತ್ತದೆ. ಆದರೆ ಸ್ವಾತಂತ್ರ್ಯಕ್ಕೆ ಕೆಲವು ಗುರುತುಗಳಿವೆ. ಪರಿಶೀಲಕರಿಗೆ ಮೂಲ ಅಂಕಿ-ಅಂಶಗಳು ಸಿಗುತ್ತವೆಯೇ? ಅವರ ವರದಿಯನ್ನು ತಿದ್ದುವ ಅಧಿಕಾರ ನೇಮಿಸಿದವರಿಗೆ ಇದೆಯೇ? ಅದು ಜನರ ಕೈಗೆ ಪೂರ್ಣವಾಗಿ ತಲುಪುತ್ತದೆಯೇ?

ನ್ಯೂ ಮೆಕ್ಸಿಕೋ ರಾಜ್ಯದ ಉದಾಹರಣೆ ಈ ಮಾತನ್ನು ಸ್ಪಷ್ಟಪಡಿಸುತ್ತದೆ. ಅಲ್ಲಿನ ಕಾರ್ಲ್ಸ್‌ಬಾಡ್ ಬಳಿ, ನೆಲದಡಿಯಲ್ಲಿ ಸುಮಾರು 650 ಮೀಟರ್ ಆಳದ ಉಪ್ಪಿನ ಪದರದಲ್ಲಿ, ಶಸ್ತ್ರಾಸ್ತ್ರ ತಯಾರಿಕೆಯ ಪ್ಲುಟೋನಿಯಂ ಬೆರೆತ ತ್ಯಾಜ್ಯವನ್ನು ಹೂಳುವ ಯೋಜನೆ ರೂಪುಗೊಂಡಿತು. ಅದನ್ನು ಪರಿಶೀಲಿಸಲೆಂದೇ 1978ರಲ್ಲಿ ಪರಿಸರ ಮೌಲ್ಯಮಾಪನ ತಂಡ ಎಂಬ ಸ್ವತಂತ್ರ ವೈಜ್ಞಾನಿಕ ಗುಂಪು ಸ್ಥಾಪನೆಯಾಯಿತು. ಸೋಜಿಗವೆಂದರೆ ಅದರ ಖರ್ಚನ್ನು ಭರಿಸುತ್ತಿದ್ದದ್ದು ಅದೇ ಇಂಧನ ಇಲಾಖೆ. ಆದರೆ ಗುಂಪಿನ ಕೆಲಸದಲ್ಲಿ ಕೈಹಾಕುವ ಅಧಿಕಾರ ಇಲಾಖೆಗೆ ಇರಲಿಲ್ಲ. ಒಂದು ಕೊಳವೆಬಾವಿಯನ್ನು ಇನ್ನಷ್ಟು ಆಳಕ್ಕೆ ಕೊರೆಯಬೇಕೆಂದು ಈ ಗುಂಪು ಒತ್ತಾಯಿಸಿತು. 1981ರಲ್ಲಿ ಹಾಗೆ ಕೊರೆದಾಗ ಒತ್ತಡದಲ್ಲಿದ್ದ ಉಪ್ಪುನೀರಿನ ಸಂಗ್ರಹ ಎದುರಾಯಿತು. ಪರಿಣಾಮವಾಗಿ ತ್ಯಾಜ್ಯ ಹೂಳುವ ಭಾಗವನ್ನು ದಕ್ಷಿಣಕ್ಕೆ ಸರಿಸಲಾಯಿತು. ಕೊರೆಯಿರಿ, ನೋಡೋಣ ಎಂದು ಕೇಳುವ ಒಬ್ಬ ಹೊರಗಿನವನಿಲ್ಲದಿದ್ದರೆ ಆ ಉಪ್ಪುನೀರು ಆಗ ಯಾರ ಕಣ್ಣಿಗೆ ಬೀಳುತ್ತಿತ್ತು?

ಆ ಉಗ್ರಾಣ 1999ರಲ್ಲಿ ತೆರೆಯಿತು. 2004ರಲ್ಲಿ ಇಲಾಖೆ ಹಣ ನಿಲ್ಲಿಸಿದ್ದರಿಂದ ಪರಿಶೀಲನಾ ಗುಂಪು ಮುಚ್ಚಿತು. 2014ರ ಫೆಬ್ರವರಿ 14ರಂದು ಉಗ್ರಾಣದೊಳಗೆ ಒಂದು ಪೀಪಾಯಿ ಬಿರಿದು ವಿಕಿರಣ ಹೊರಬಂತು. ತೇವ ಹೀರಲೆಂದು, ಖನಿಜದ ಪುಡಿಯ ಬದಲು ಸಸ್ಯಜನ್ಯ ಪುಡಿಯನ್ನು ಬಳಸಿದ್ದರಿಂದ ಪೀಪಾಯಿಯೊಳಗೆ ರಾಸಾಯನಿಕ ಕ್ರಿಯೆ ನಡೆದಿತ್ತು. ಉಗ್ರಾಣ ಸುಮಾರು ಮೂರು ವರ್ಷ ಕೆಲಸ ನಿಲ್ಲಿಸಬೇಕಾಯಿತು. ಗುಂಪು ಉಳಿದಿದ್ದರೆ ಈ ಅವಘಡ ತಪ್ಪುತ್ತಿತ್ತೆಂದು ಹೇಳಲು ನನಗೆ ಆಧಾರವಿಲ್ಲ. ಆದರೆ ಒಂದು ಪಾಠವಂತೂ ಸ್ಪಷ್ಟ: ಹಣ ಕೊಡುವವನೇ ಹಣ ನಿಲ್ಲಿಸಲೂ ಶಕ್ತನಾದರೆ, ಕಾವಲುಗಾರನ ಆಯುಷ್ಯ ಕಾವಲಿಗೊಳಗಾದವನ ಕೈಯಲ್ಲಿರುತ್ತದೆ.

ಈಗ ಅಮೆರಿಕದಲ್ಲೇ ಗಾಳಿ ಬದಲಾಗಿದೆ. ಪರಿಸರ ನೀತಿ ಕಾಯ್ದೆಯನ್ನು ಜಾರಿಗೊಳಿಸಲು ದಶಕಗಳಿಂದ ಇದ್ದ ಕೇಂದ್ರೀಯ ನಿಯಮಾವಳಿಯನ್ನು 2025ರಲ್ಲಿ ರದ್ದುಪಡಿಸಲಾಯಿತು. ಅದೇ ವರ್ಷದ ಮೇ ತಿಂಗಳಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಇಂತಹ ಅಧ್ಯಯನಗಳ ವಿಷಯದಲ್ಲಿ ನ್ಯಾಯಾಲಯಗಳು ಸರಕಾರಿ ಸಂಸ್ಥೆಗಳ ತೀರ್ಮಾನಕ್ಕೆ ಹೆಚ್ಚಿನ ಮನ್ನಣೆ ನೀಡಬೇಕೆಂದು ಹೇಳಿತು. ನ್ಯಾಯಾಲಯ ಹಿಂದೆ ಸರಿದಷ್ಟೂ ಸ್ವತಂತ್ರ ತಜ್ಞರ ಮಾತಿನ ತೂಕ ಹೆಚ್ಚಬೇಕಾಗುತ್ತದೆ.

ನಮ್ಮಲ್ಲಿ ಏನಿದೆ?

ಸಹೋದರರೇ, ಇದೆಲ್ಲ ದೂರದ ದೇಶದ ಮಾತು, ನಮಗೇನು ಎಂದು ಯಾರಾದರೂ ಕೇಳಬಹುದು. ನಮ್ಮ ದೇಶವೂ ಅಣು ಇಂಧನವನ್ನು ಮರುಸಂಸ್ಕರಿಸುತ್ತದೆ, ತ್ಯಾಜ್ಯವನ್ನು ಗಾಜಿನಲ್ಲಿ ಗಟ್ಟಿಗೊಳಿಸುತ್ತದೆ. ನಮ್ಮ ರಾಜ್ಯದ ಕೈಗಾದಲ್ಲಿ ಅಣುಸ್ಥಾವರವಿದೆ. ಅಲ್ಲಿನ 5 ಮತ್ತು 6ನೇ ಘಟಕಗಳಿಗಾಗಿ 2018ರ ಡಿಸೆಂಬರ್‌ನಲ್ಲಿ ಸಾರ್ವಜನಿಕ ಅಹವಾಲು ಸಭೆ ನಡೆದು, ಮರುವರ್ಷ ಪರಿಸರ ಅನುಮತಿ ದೊರೆಯಿತು. 2012ರ ನವೆಂಬರ್‌ನಲ್ಲಿ, ಕೂಡಂಕುಳಂ ಪ್ರಕರಣದ ವಿಚಾರಣೆಯ ಸಂದರ್ಭದಲ್ಲಿ, ಅಣುತ್ಯಾಜ್ಯದ ವಿಷಯವಾಗಿ ಕೋಲಾರದ ಹಳೆಯ ಚಿನ್ನದ ಗಣಿಗಳ ಹೆಸರು ಕೇಳಿಬಂದು ಜಿಲ್ಲೆಯಲ್ಲಿ ಪ್ರತಿಭಟನೆ ನಡೆದುದು ನಿಮಗೆ ನೆನಪಿರಬಹುದು. ಅಂತಹ ಯೋಜನೆ ಇಲ್ಲವೆಂದು ಅಧಿಕಾರಿಗಳು ಸ್ಪಷ್ಟಪಡಿಸಿದರು.

2006ರ ಅಧಿಸೂಚನೆಯ ಪ್ರಕಾರ ನಮ್ಮಲ್ಲಿ ಪರಿಸರ ಅಧ್ಯಯನವನ್ನು ಸಿದ್ಧಪಡಿಸುವ ಸಲಹಾ ಸಂಸ್ಥೆಯನ್ನು ಯೋಜನೆಯ ಒಡೆಯನೇ ನೇಮಿಸುತ್ತಾನೆ, ಶುಲ್ಕವನ್ನೂ ಅವನೇ ಕೊಡುತ್ತಾನೆ. ಕೇಂದ್ರ ಸಚಿವಾಲಯ ನೇಮಿಸಿದ ತಜ್ಞರ ಸಮಿತಿ ಅದನ್ನು ಪರಿಶೀಲಿಸುತ್ತದೆ ಎಂಬುದು ನಿಜ. ಆದರೆ ವೆಸ್ಟ್ ವ್ಯಾಲಿಯಂತೆ ಭಿನ್ನಮತವನ್ನು ಅದೇ ವರದಿಯ ಮೊದಲ ಪುಟಗಳಲ್ಲಿ ಓದುವ ಭಾಗ್ಯ ನಮಗಿಲ್ಲ. ಅಹವಾಲು ಸಭೆಗೆ ಬರುವ ಹಳ್ಳಿಗನಿಗೆ ತನ್ನ ಭಾಷೆಯಲ್ಲಿ ಸಿಗುವುದು ವರದಿಯ ಸಾರಾಂಶ ಮಾತ್ರ. 2020ರಲ್ಲಿ ಕೇಂದ್ರ ಸರಕಾರ ಹೊಸ ಅಧಿಸೂಚನೆಯ ಕರಡನ್ನು ಹೊರಡಿಸಿದಾಗ, ಪ್ರಾದೇಶಿಕ ಭಾಷೆಗಳಲ್ಲಿ ಅದಕ್ಕೆ ಸಾಕಷ್ಟು ಪ್ರಚಾರ ಸಿಕ್ಕಿಲ್ಲವೆಂಬ ದೂರಿನ ಮೇಲೆ, ಅಂತಿಮ ಅಧಿಸೂಚನೆ ಹೊರಡಿಸದಂತೆ ಕರ್ನಾಟಕ ಹೈಕೋರ್ಟ್ ತಡೆದಿತ್ತು. ಭಾಷೆಯೂ ಪರಿಶೀಲನೆಯ ಒಂದು ಅಂಗ ಎಂಬುದು ಇದರಿಂದ ವ್ಯಕ್ತವಾಗುತ್ತದೆ.

ಅಣು ಸುರಕ್ಷೆಯ ಮೇಲ್ವಿಚಾರಣೆ ನಡೆಸುವ ಅಣುಶಕ್ತಿ ನಿಯಂತ್ರಣ ಮಂಡಳಿಗೆ ಕಾನೂನಿನ ಸ್ವಾಯತ್ತತೆ ಇಲ್ಲವೆಂದು ಮಹಾಲೇಖಪಾಲರು 2012ರಲ್ಲಿ ಟೀಕಿಸಿದ್ದರು. 2025ರ ಡಿಸೆಂಬರ್‌ನಲ್ಲಿ ಸಂಸತ್ತು ಅಂಗೀಕರಿಸಿದ ಹೊಸ ಅಣುಶಕ್ತಿ ಕಾನೂನು ಮಂಡಳಿಗೆ ಶಾಸನಬದ್ಧ ಸ್ಥಾನ ನೀಡಿತು. ಅದೇ ಕಾನೂನು ಅಣುವಿದ್ಯುತ್ ಕ್ಷೇತ್ರದ ಬಾಗಿಲನ್ನು ಖಾಸಗಿ ಕಂಪೆನಿಗಳಿಗೂ ತೆರೆಯಿತು. ಆರು ವರ್ಷ ಕೆಲಸ ಮಾಡಿ, ಐವತ್ತು ವರ್ಷ ಮುಗಿಯದ ಹೊರೆಯನ್ನು ಜನರ ತಲೆಗೆ ಹೊರಿಸಿ ಹೋದ ಆ ಕಂಪೆನಿಯ ಕಥೆಯನ್ನು ನಾನಿಂದು ಆರಿಸಿಕೊಂಡದ್ದು ಈ ಕಾರಣಕ್ಕೇ.

ನಾವು ಅಣುವಿದ್ಯುತ್ತಿನ ಪರ ಇರಬಹುದು, ವಿರುದ್ಧ ಇರಬಹುದು. ಇಂದಿನ ವಿಷಯ ಅದಲ್ಲ. ಮುಂದೆ ನಿಮ್ಮೂರಿನಲ್ಲಿ ಯಾವುದೇ ಯೋಜನೆಯ ಅಹವಾಲು ಸಭೆ ನಡೆದರೆ, ಅದು ಅಣುಸ್ಥಾವರವಿರಲಿ, ಕಾರ್ಖಾನೆಯಿರಲಿ, ಕಸ ಸುರಿಯುವ ಜಾಗವಿರಲಿ, ದಯವಿಟ್ಟು ಹೋಗಿ. ಪರ ಅಥವಾ ವಿರೋಧದ ಘೋಷಣೆ ಕೂಗಿ ಮರಳಬೇಡಿ. ಈ ಅಧ್ಯಯನವನ್ನು ಮಾಡಿದವರಿಗೆ ಹಣ ಕೊಟ್ಟವರು ಯಾರು, ಹೊರಗಿನ ಯಾವ ತಜ್ಞರು ಇದನ್ನು ಓದಿದ್ದಾರೆ, ಅವರು ಒಪ್ಪದ ಅಂಶಗಳನ್ನು ಎಲ್ಲಿ ಮುದ್ರಿಸಿದ್ದೀರಿ, ನಿಮ್ಮ ಲೆಕ್ಕ ಎಷ್ಟು ವರ್ಷಕ್ಕೆ, ಅದು ತಪ್ಪಾಗುವ ಸಂಭವ ಎಷ್ಟು ಎಂದು ಕೇಳಿ. ಉತ್ತರವನ್ನು ಕನ್ನಡದಲ್ಲಿ, ಲಿಖಿತವಾಗಿ ಕೇಳಿ. ನಿಮ್ಮ ಪ್ರಶ್ನೆ ನಡಾವಳಿಯಲ್ಲಿ ದಾಖಲಾಯಿತೇ ಎಂದು ನೋಡಿಕೊಂಡು ಮನೆಗೆ ಬನ್ನಿ.

ಮಹಾಸಭೆಯಲ್ಲಿ ಖಜಾಂಚಿಯ ಲೆಕ್ಕದ ಬಗ್ಗೆ ಎದ್ದು ನಿಂತು ಪ್ರಶ್ನಿಸುವವನನ್ನು ಕೆಲವರು ತಕರಾರು ಮಾಡುವವನೆಂದು ಕರೆಯುತ್ತಾರೆ. ವರ್ಷಗಳು ಕಳೆದ ಮೇಲೆ ಜಮಾಅತ್‌ನ ಆಸ್ತಿ ಉಳಿದದ್ದು ಅವನಿಂದಲೇ ಎಂದು ತಿಳಿಯುತ್ತದೆ. ಹತ್ತು ಸಾವಿರ ವರ್ಷದ ಲೆಕ್ಕಕ್ಕಂತೂ ಅಂತಹ ತಕರಾರಿನವರು ಎಷ್ಟಿದ್ದರೂ ಸಾಲದು. ಏಕೆಂದರೆ ಆ ಲೆಕ್ಕದಲ್ಲಿ ತಪ್ಪಿದ್ದರೆ ಅದನ್ನು ತೆರಬೇಕಾದವರು ಈ ಸಭೆಯಲ್ಲಿ ಕೈಯೆತ್ತಲಾರರು. ಅವರು ಇನ್ನೂ ಹುಟ್ಟಿಲ್ಲ.